ಮೊದಲ ಕೈ ಬಿಡಲು ಕಲಿತದ್ದು

ಆರು ಸಾವಿರ ಮಂದಿ ಕೂಡಿ ಆಡುವ ಪೋಕರ್ ಟೂರ್ನಮೆಂಟಿನಿಂದ ಎಲ್ಲರಿಗಿಂತ ಮೊದಲು ಹೊರಗೆ ಬೀಳುವುದು ಸುಲಭ ಅಂತ ನೀವು ಅಂದುಕೊಂಡಿದ್ದರೆ ಒಮ್ಮೆ ಪ್ರಯತ್ನ ಮಾಡಿ ನೋಡಿ. ಅದಕ್ಕೂ ಪೈಪೋಟಿ ಇದೆ. ದೇಶದ ಮೂಲೆಮೂಲೆಯಲ್ಲಿ ಬುದ್ಧಿಗೇಡಿಗಳು ಕಾದು ಕುಳಿತಿರುತ್ತಾರೆ. ಅವರೆಲ್ಲರನ್ನೂ ಹಿಂದೆ ಹಾಕಿ ಹೊರಬೀಳಬೇಕೆಂದರೆ ಒಂದು ಪ್ರತಿಭೆ ಬೇಕು, ಅದು ನನಗೆ ಹುಟ್ಟಿನಿಂದ ಬಂದಿತ್ತು. ಬನಹಟ್ಟಿಯ ಬಸ್ ನಿಲ್ದಾಣದಲ್ಲಿ ಫೋನು ತೆಗೆದು ಆಟ ಶುರು ಮಾಡಿದರೆ, ಬಸ್ಸು ಊರು ದಾಟುವುದರೊಳಗೆ ನನ್ನ ಚಿಪ್ಪುಗಳೆಲ್ಲ ಯಾರ್ಯಾರದೋ ಮನೆ ಸೇರಿರುತ್ತಿದ್ದವು. ಜಮಖಂಡಿಯ ಕಾಲೇಜು ಮುಟ್ಟುವ ತನಕ ಉಳಿದ ದಾರಿಯಲ್ಲಿ, ಸೋತದ್ದು ಯಾಕೆ ನನ್ನ ತಪ್ಪಲ್ಲ ಅನ್ನುವುದರ ಬಗ್ಗೆ ಭಾಷಣ.

ಭಾಷಣಕ್ಕೆ ಮಂದಿ ಇದ್ದರು. ಬಸ್ಸಿನ ಕಡೆಯ ಸೀಟು ನನ್ನದು, ನನ್ನ ಎರಡೂ ಕಡೆ ಮತ್ತು ಮುಂದೆ ಪಿಯುಸಿ ಎರಡನೇ ವರ್ಷದ ಗೆಳೆಯರು. ನಾನು ಆಡುವುದಕ್ಕಿಂತ ಹೆಚ್ಚು ಹೇಳುತ್ತಿದ್ದೆ. ಕೈಯಲ್ಲಿ ಏಳು-ಎರಡು ಬಂದರೂ, ಇಗೋ ನೋಡ್ರಿ ಈಗ ಇವರನ್ನು ಹೆಂಗೆ ಹೆದರಿಸುತ್ತೇನೆ ಅಂತ ಚಿಪ್ಪು ದೂಡುತ್ತಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತಿದ್ದ. ಡ್ರೈವರ್ ತನ್ನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡಿದ್ದ. ಗೆಳೆಯರು ಇದನ್ನು ಒಪ್ಪುವುದಿಲ್ಲ, ಅವರಿಗೆ ಹೊಟ್ಟೆಕಿಚ್ಚು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಎಲ್ಲರಿಗೂ ಎರಡೆರಡು ಎಲೆ ಹಂಚುತ್ತಾರೆ, ಅದಕ್ಕೆ ಕೈ ಅನ್ನುತ್ತಾರೆ, ಅವು ಗುಟ್ಟು. ನಡುವೆ ಐದು ಎಲೆ, ಮೊದಲು ಮೂರು ಕೂಡಿ, ಆಮೇಲೆ ಒಂದೊಂದಾಗಿ ಬಿಚ್ಚುತ್ತವೆ, ಅವು ಎಲ್ಲರವು. ಕೂಡಿಸಿ ನೋಡಿದಾಗ ಯಾರದು ಬಲವೋ ಅವನು ಗೆದ್ದ. ಎಲೆ ನಂಬಿದವನು ಚಿಪ್ಪು ದೂಡಿ ಪಣ ಕಟ್ಟುತ್ತಾನೆ, ಉಳಿದವರು ಅಷ್ಟೇ ಇಟ್ಟು ಎದುರು ನಿಲ್ಲಬೇಕು; ಎಲೆ ಸರಿಯಿಲ್ಲ ಅನಿಸಿದರೆ ಒಗೆದು ಸುಮ್ಮನೆ ಕೂಡಬಹುದು. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮ ಚಿಪ್ಪು ಕೊಡುತ್ತಾರೆ. ಅವು ಮುಗಿದವನು ಮನೆಗೆ. ಹೊತ್ತು ಹೋದಂತೆ ಪ್ರತಿ ಸುತ್ತಿಗೆ ಕಡ್ಡಾಯವಾಗಿ ಇಡಬೇಕಾದ ಕಟ್ಟು ಏರುತ್ತಾ ಹೋಗುತ್ತದೆ, ಹಾಗಾಗಿ ಬರೀ ಒಗೆಯುತ್ತ ಕುಳಿತವನೂ ಕೊನೆಗೆ ಕರಗುತ್ತಾನೆ. ನಾನು ಆಡುತ್ತಿದ್ದದ್ದು ದುಡ್ಡಿನ ಆಟವಲ್ಲ. ಚಿಪ್ಪು ಪುಕ್ಕಟೆ, ಗೆದ್ದರೆ ಸಿಗುವುದು ಹೆಸರಿನ ಮುಂದೆ ಒಂದು ಬಣ್ಣದ ಕಿರೀಟ. ಅದರ ಸಲುವಾಗಿ ನಾನು ಪ್ರಾಣ ಬಿಡುವವನಿದ್ದೆ.

ಆದರೆ ಬೀಳಗಿಯ ಅತ್ತೆಗೆ ಪುಕ್ಕಟೆ ಚಿಪ್ಪು, ದುಡ್ಡು ಅನ್ನುವ ವ್ಯತ್ಯಾಸ ಗೊತ್ತಿಲ್ಲ. ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮ ಬಳಗದ ವಾರ್ತಾ ಇಲಾಖೆ ಅವಳ ಕೈಯಲ್ಲಿದೆ. ಒಂದು ದಿನ ಅಪ್ಪನಿಗೆ ಫೋನು ಮಾಡಿ, ನಿನ್ನ ಮಗ ಬಸ್ಸಿನಾಗ ಇಸ್ಪೀಟ್ ಆಡತಾನಂತ, ಹುನ್ನೂರಾಂವನ ಹಂಗ ಆಗಬಾರದು ನೋಡು ಅಂದಳು. ಹುನ್ನೂರಿನವನು ನಮ್ಮ ದೂರದ ಸಂಬಂಧದವನು. ಫೋನಿನಲ್ಲಿ ರಮ್ಮಿ ಆಡುತ್ತ ಆಡುತ್ತ ಊಟ, ಹೊಲ, ಹೆಂಡತಿ ಮಕ್ಕಳು ಯಾವುದೂ ಕಾಣದಂತಾಗಿ, ಈಗ ಮನೆಯವರು ಅವನ ಕೈಗೆ ಫೋನು ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಅವನ ಸುದ್ದಿ ಬಂದರೆ ಅವ್ವ ದನಿ ಇಳಿಸುತ್ತಾಳೆ.

ಅಪ್ಪ ಸಿಟ್ಟು ಮಾಡುವ ಮನುಷ್ಯನಲ್ಲ. ರಬಕವಿಯಲ್ಲಿ ಸೀರೆ ಅಂಗಡಿ ಇಟ್ಟವರು, ಗಿರಾಕಿ ಎದುರು ನಕ್ಕು ನಕ್ಕು ಮುಖವೇ ಹಾಗೆ ನಿಂತುಬಿಟ್ಟಿದೆ. ಅವತ್ತು ನಗಲಿಲ್ಲ. ನನ್ನನ್ನು ಗಾದಿಯ ಮೇಲೆ ಎದುರು ಕೂಡಿಸಿಕೊಂಡು ಕೇಳಿದರು.

"ಆಟದ ಮ್ಯಾಲ ನೀ ಕುಂತೀದಿಯೋ, ನಿನ್ನ ಮ್ಯಾಲ ಆಟ ಕುಂತೈತೋ?"

ನಾನೇ ಕುಂತೇನಿ ಅಂದೆ. ಇದು ಲಾಟರಿ ಅಲ್ಲ, ಬುದ್ಧಿಯ ಆಟ, ಆರು ಸಾವಿರ ಮಂದಿಯೊಳಗೆ ನನ್ನಂಥ ತಲೆ ಇನ್ನೊಂದಿಲ್ಲ ಅಂತಲೂ ಸೇರಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮೊದಲ ನೂರರೊಳಗೆ ಬರುವುದು ನನಗೆ ಎಡಗೈ ಆಟ ಅಂದುಬಿಟ್ಟೆ.

"ಹಂಗಾರ ಬಾ," ಅಂದರು ಅಪ್ಪ. "ಬರೋ ತಿಂಗಳ ಕಡೀ ಐತವಾರ ನನ್ನ ಮುಂದ ಆಡು. ನೂರರಾಗ ಬಂದ್ರ ಫೋನು ನಿಂದು, ನಾ ಕೇಳಂಗಿಲ್ಲ. ಬರಲಿಲ್ಲಂದ್ರ ಗುಂಡಿ ಫೋನು ಹಿಡ್ಕೊ. ಕಾಲೇಜು ಮುಗಿಯೂತನಾ ಅದ."

ಗುಂಡಿ ಫೋನು ಅಂದರೆ ಅಂಗಡಿಯ ಹಳೆಯ ಡಬ್ಬಿ. ಅದರಲ್ಲಿ ಅಂಕಿ ಒತ್ತಿದರೆ ಪಕ್ಕದ ಓಣಿಗೆ ಕೇಳಿಸುತ್ತದೆ. ಅದನ್ನು ಹಿಡಿದು ಜಮಖಂಡಿ ಬಸ್ಸಿನ ಕಡೆಯ ಸೀಟಿನಲ್ಲಿ ಕುಳಿತ ನನ್ನನ್ನು ಕಲ್ಪಿಸಿಕೊಂಡೆ. ಅವತ್ತು ನನಗೆ ಊಟ ಸೇರಲಿಲ್ಲ. ಬರೀ ನಾಲ್ಕು ರೊಟ್ಟಿ ತಿಂದೆ.

ನೂರರೊಳಗೆ ಬರುವುದು ಇರಲಿ, ಅಲ್ಲಿವರೆಗೆ ನಾನು ನಾಲ್ಕು ಸಾವಿರದೊಳಗೂ ಬಂದವನಲ್ಲ. ನನ್ನ ಅದೃಷ್ಟ ತೆರೆದದ್ದು ಚಿಮ್ಮಡದ ಕಬ್ಬಿನಲ್ಲಿ. ಅಲ್ಲಿ ದೊಡ್ಡಪ್ಪನ ಹೊಲ. ಕಬ್ಬು ಕಡಿಯುವ ದಿನ ಅವ್ವ ಬುತ್ತಿ ಕೊಟ್ಟು ಕಳಿಸಿದ್ದಳು. ನಾನು ಬನಹಟ್ಟಿಯಲ್ಲೇ ಟೂರ್ನಮೆಂಟಿಗೆ ಹೆಸರು ಕೊಟ್ಟು, ಆಟೋದಲ್ಲಿ ಕೂತು, ಎಲೆ ಹಂಚುವುದನ್ನೇ ಕಾಯುತ್ತ ಹೊಲಕ್ಕೆ ಇಳಿದೆ. ಆಳೆತ್ತರದ ಕಬ್ಬಿನ ನಡುವೆ ಹೋಗುತ್ತಿದ್ದಂತೆ ಫೋನಿನ ನೆಟ್‌ವರ್ಕ್ ಸತ್ತಿತು. ಬದುವಿನ ಮೇಲೆ ಹತ್ತಿದೆ, ಪಂಪ್‌ಸೆಟ್ಟಿನ ಮನೆಯ ಮೇಲೆ ಹತ್ತಿದೆ, ಟ್ರ್ಯಾಕ್ಟರಿನ ಹೊರೆಯ ಮೇಲೆ ಹತ್ತಿ ಫೋನನ್ನು ಆಕಾಶಕ್ಕೆ ಹಿಡಿದು ನಿಂತೆ. ಕಬ್ಬು ಕಡಿಯುವವರು ಕುಡುಗೋಲು ಕೆಳಗಿಟ್ಟು, ಈ ಹುಡುಗ ಯಾವ ದೇವರಿಗೆ ಬೇಡಿಕೊಳ್ಳುತ್ತಿದ್ದಾನೆ ಅಂತ ನೋಡಿದರು. ಯಾವ ದೇವರೂ ಬರಲಿಲ್ಲ.

ಊಟದ ಹೊತ್ತು ಮುಗಿಸಿ ರಸ್ತೆಗೆ ಬಂದು ಫೋನು ತೆರೆದರೆ ನಾನು ಇನ್ನೂ ಆಟದಲ್ಲಿದ್ದೆ. ನಾನಿಲ್ಲದಾಗ ಆ್ಯಪ್ ತಾನೇ ನನ್ನ ಪ್ರತಿ ಕೈಯನ್ನೂ ಒಗೆದಿತ್ತು. ಕಟ್ಟಿನ ಸಲುವಾಗಿ ಒಂದಷ್ಟು ಚಿಪ್ಪು ಕರಗಿದ್ದವು, ಅಷ್ಟೇ. ಅಷ್ಟರಲ್ಲಿ ನನ್ನಂಥ ಮೂರು ಸಾವಿರ ಶೂರರು ಒಬ್ಬರನ್ನೊಬ್ಬರು ಕೊಂದುಕೊಂಡು ಹೊರಗೆ ಬಿದ್ದಿದ್ದರು. ನನ್ನ ಜನ್ಮದ ಅತ್ಯುತ್ತಮ ಫಲಿತಾಂಶ ಬಂದದ್ದು ನಾನು ದೊಡ್ಡಪ್ಪನಿಗೆ ಮಜ್ಜಿಗೆ ಬಗ್ಗಿಸಿ ಕೊಡುತ್ತಿದ್ದಾಗ.

ಇದನ್ನು ಬಸ್ಸಿನಲ್ಲಿ ಹೇಳಲಿಲ್ಲ. ಅಕ್ಕನಿಗೆ ಹೇಳಿದೆ. ಅಕ್ಕ ಮುಧೋಳದಲ್ಲಿ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಸಂಜೆ ಮನೆಗೆ ಬರುತ್ತಾಳೆ. ಅವಳು ರೂಮು ಮಾಡಿಕೊಂಡಿರುವ ಮನೆಯಲ್ಲಿ ಒಂದು ಬೇಟೆ ನಾಯಿ ಇದೆ, ತೆಳ್ಳಗೆ, ಉದ್ದ ಮೂತಿ, ಯಾರನ್ನೂ ಮೂಸುವುದಿಲ್ಲ, ಬರೀ ನೋಡುತ್ತದೆ. ಇಬ್ಬರೂ ಒಂದೇ ಜಾತಿ. ಆಫೀಸಿಗೆ ಬರುವ ದೊಡ್ಡ ದೊಡ್ಡ ವ್ಯಾಪಾರಿಗಳ ಕಡೆ ಹಾಗೆ ನೋಡಿ, ಯಾಕ ಅಂತ ಕೇಳುತ್ತಾಳಂತೆ. ಮೂರನೇ ಯಾಕ ಹೊತ್ತಿಗೆ ಅವರು ಬೆವರುತ್ತಾರಂತೆ.

ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, ಆಟ ಹೆಂಗ ಅನ್ನೋದನ್ನ ಹೇಳು ಅಂದಳು. ಹೇಳಿದೆ. ಮಲಗುವ ಹೊತ್ತಿನೊಳಗೆ ಅವಳಿಗೆ ನನಗಿಂತ ಚೆನ್ನಾಗಿ ಬಂತು. ಇದು ಅನ್ಯಾಯ, ಆದರೆ ಹೇಳಲೇಬೇಕು.

ಮರುದಿನ ನನ್ನ ಪಕ್ಕ ಕೂತು ಆಡಿಸಿದಳು. ಮೊದಲ ಕೈಯಲ್ಲಿ ನನಗೆ ಎಂಟು-ಮೂರು ಬಂತು. ಆಡಿದೆ, ಒಂದಷ್ಟು ಚಿಪ್ಪು ಹೋದವು. ಎರಡನೇ ಟೂರ್ನಮೆಂಟ್ ಹಚ್ಚಿದೆ. ಮೊದಲ ಕೈ ಗುಲಾಮ-ಎರಡು. ಆಡಿದೆ, ಮತ್ತೆ ಹೋದವು. ಮೂರನೆಯದರಲ್ಲೂ ಹಾಗೇ.

"ಮೊದಲನೇ ಕೈ ಎಂಥಾದ ಬರಲಿ, ಆಡ್ತೀದಿ," ಅಂದಳು ಅಕ್ಕ. "ಯಾಕ?"

"ಮೊದಲನೇದ ಅಲ್ಲೇನವಾ," ಅಂದೆ.

"ಅದಕ್ಕ?"

"ಮೊದಲನೇದ್ದು ಬಿಟ್ರ ಹೆಂಗ?"

ಹೇಳಿದ ಮೇಲೆ ನನಗೇ ಹೊಳೆಯಿತು. ಅಕ್ಕನಿಗೂ ಹೊಳೆಯಿತು, ಯಾಕೆಂದರೆ ಅವಳೂ ಅದೇ ಅಂಗಡಿಯಲ್ಲಿ ಬೆಳೆದವಳು. ನಮ್ಮಲ್ಲಿ ಬೋಣಿಗಿ ಅನ್ನುವುದು ವ್ಯಾಪಾರಕ್ಕಿಂತ ದೊಡ್ಡದು. ಬೆಳಿಗ್ಗೆ ಬಾಗಿಲು ತೆಗೆದು, ದೀಪ ಹಚ್ಚಿ, ಊದುಬತ್ತಿ ತೋರಿಸಿದ ಮೇಲೆ ಯಾರು ಮೊದಲು ಮೆಟ್ಟಿಲು ಹತ್ತುತ್ತಾರೋ ಅವರು ಬರಿಗೈಲಿ ಹೋಗಬಾರದು. ಹೆಣ್ಣುಮಗಳು ಸೀರೆಯನ್ನು ಅರ್ಧ ಬೆಲೆಗೆ ಕೇಳಿದರೂ ಅಪ್ಪ ಕೊಡುತ್ತಾರೆ. ಒಮ್ಮೆ ದಾರಿ ಕೇಳಲು ಬಂದವನಿಗೆ ಟವೆಲ್ಲು ಮಾರಿದ್ದಾರೆ. ಕಾಲೇಜಿಗೆ ಹೋಗುವ ಮುಂಚೆ ಅರ್ಧ ತಾಸು ನಾನೇ ಗಾದಿಯ ಮೇಲೆ ಕೂತು ಬೋಣಿಗಿ ಮಾಡಿಸಿಕೊಂಡು ಬಸ್ಸು ಹಿಡಿಯುತ್ತೇನೆ, ಎಳೆಯವನಿದ್ದಾಗಿನಿಂದ. ಅದು ರಕ್ತದಲ್ಲಿ ಇಳಿದುಬಿಟ್ಟಿದೆ. ಫೋನಿನಲ್ಲಿ ಮೊದಲ ಎರಡು ಎಲೆ ಬಂದ ಕೂಡಲೇ ನನ್ನ ಬೆರಳಿಗೆ ಅವು ಮೆಟ್ಟಿಲು ಹತ್ತಿದ ಗಿರಾಕಿಯಂತೆ ಕಾಣುತ್ತಿದ್ದವು. ಬರೀ ಆಟದ ಮೊದಲ ಕೈ ಅಲ್ಲ, ಬೇರೆ ಮೇಜಿಗೆ ಕಳಿಸಿದರೆ ಅಲ್ಲಿಯ ಮೊದಲ ಕೈ, ನೀರು ಕುಡಿದು ಬಂದು ಕೂತರೆ ಆಮೇಲಿನ ಮೊದಲ ಕೈ, ಎಲ್ಲದಕ್ಕೂ ಬೋಣಿಗಿ. ಇಡೀ ಭಾರತದಲ್ಲಿ ಇಂಥ ಕಾರಣಕ್ಕೆ ಪೋಕರ್ ಸೋತವನು ನಾನೊಬ್ಬನೇ ಇರಬೇಕು.

ಅಕ್ಕ ಮತ್ತೆ ನಕ್ಕಳು. ನಗುತ್ತಲೇ ಕೆಲಸ ಶುರು ಮಾಡಿದಳು. ಅವಳ ಉಪಕಾರ ನಾನು ತೀರಿಸುವಂಥದ್ದಲ್ಲ. ವಾರಕ್ಕೊಂದೇ ರಜೆ, ಅದನ್ನು ಈ ಮಂಗನ ಸಲುವಾಗಿ ಕಳೆದಳು. ಯಾವ ಎಲೆ ಆಡಿದರೂ ಆಡುವ ಮೊದಲು ಯಾಕೆ ಅಂತ ಬಾಯಿ ಬಿಟ್ಟು ಹೇಳಬೇಕು, ಇದು ಅವಳ ಪಾಠ. ನನ್ನ ಕಾರಣದಲ್ಲಿ ಮಜಾ ಅಂತಲೋ, ತೋರಸ್ತೇನಿ ಅಂತಲೋ ಮಾತು ಬಂದರೆ ಎಲೆ ಒಗೆಯಬೇಕು. ಮೊದಲ ವಾರ ನನ್ನ ಎಲ್ಲ ಕಾರಣಗಳಲ್ಲೂ ಇವೆರಡು ಮಾತು ಇದ್ದವು. ಎರಡು ತಾಸು ಬರೀ ಒಗೆದೆ. ನನ್ನ ಬೆರಳಿಗೆ ಒಗೆಯುವ ಗುಂಡಿಯ ಗುರುತು ಬಿತ್ತು.

ಇನ್ನೊಂದು ಪಾಠ, ಕಡೆಗೆ ಮಾತಾಡುವುದು. ಮೇಜಿನ ಸುತ್ತ ಸರದಿ ಬರುತ್ತದೆ, ಯಾರ ಸರದಿ ಕಡೆಗೋ ಅವನಿಗೆ ಉಳಿದವರ ಬುದ್ಧಿ ಮೊದಲೇ ಕಂಡಿರುತ್ತದೆ. ಆದ್ದರಿಂದ ಮೊದಲು ಮಾತಾಡಬೇಕಾದ ಜಾಗದಲ್ಲಿ ಕೂತಾಗ ಒಳ್ಳೆಯ ಎಲೆ ಇದ್ದರೆ ಮಾತ್ರ ಬಾಯಿ ಬಿಡು, ಕಡೆಯ ಜಾಗದಲ್ಲಿ ಕೂತಾಗ ಸ್ವಲ್ಪ ಧೈರ್ಯ ಮಾಡು ಅಂದಳು. ಹುಟ್ಟಿದಾಗಿನಿಂದ ಎಲ್ಲ ಕಡೆ ಮೊದಲು ಬಾಯಿ ಬಿಟ್ಟವನಿಗೆ ಇದು ಹೊಸ ಧರ್ಮಕ್ಕೆ ಸೇರಿದ ಹಾಗಾಯಿತು. ಚಿಪ್ಪು ತೀರಾ ಕಡಿಮೆಯಾದಾಗ ಮಾತ್ರ ಎದುರು ನೋಡುತ್ತ ಕೂಡಬಾರದಂತೆ. ಒಂದು ಎಕ್ಕವೋ, ಒಂದು ಜೋಡಿಯೋ ಬಂತೆಂದರೆ ಇದ್ದದ್ದೆಲ್ಲ ದೂಡಿಬಿಡಬೇಕು, ಇಲ್ಲದಿದ್ದರೆ ಏರುವ ಕಟ್ಟೇ ನಮ್ಮನ್ನು ತಿಂದು ಮುಗಿಸುತ್ತದೆ.

ಎಲ್ಲಕ್ಕಿಂತ ಕಠಿಣ ಪಾಠ ಬಸ್ಸಿನಲ್ಲಿತ್ತು. ಆಡು, ಆದರೆ ಯಾರಿಗೂ ಹೇಳಬೇಡ ಅಂದಿದ್ದಳು. ಒಮ್ಮೆ ಎಕ್ಕಾ ಜೋಡಿ ಬಂತು. ಆಟದಲ್ಲಿ ಅದಕ್ಕಿಂತ ದೊಡ್ಡ ಎರಡು ಎಲೆ ಇಲ್ಲ. ಪಕ್ಕದ ಗೆಳೆಯ, ಏನ್ಲೇ ಮಾರಿ ಒಂಥರಾ ಮಾಡೀದಿ, ಹೊಟ್ಟಿ ನೋಯ್ತದೇನು ಅಂದ. ಹೌದು ಅಂದೆ. ಅವನು ಕಂಡಕ್ಟರನಿಗೆ ಹೇಳಿದ, ಕಂಡಕ್ಟರ್ ಡ್ರೈವರನಿಗೆ ಹೇಳಿದ, ಬಸ್ಸು ಗಿಡದ ಕೆಳಗೆ ನಿಂತಿತು. ನಾನು ಎಕ್ಕಾ ಜೋಡಿ ಹಿಡಿದುಕೊಂಡು ಇಳಿದು, ಎಲ್ಲರೂ ಕಿಟಕಿಯಲ್ಲಿ ನೋಡುತ್ತಿರುವಾಗ ಜಾಲಿ ಗಿಡದ ಹಿಂದೆ ಹೋಗಿ ಆ ಕೈ ಗೆದ್ದು ಬಂದೆ. ಆದ ಮೇಲೂ ಹೇಳಲಿಲ್ಲ. ಒಬ್ಬ ಅಜ್ಜಿ ಓಂಕಾಳು ಕೊಟ್ಟಳು, ತಿಂದೆ. ಆ ಅಜ್ಜಿಗೂ ಒಂದು ನಮಸ್ಕಾರ.

ಇಷ್ಟಾದ ಮೇಲೆ ಫಲಿತಾಂಶ ನಿಧಾನಕ್ಕೆ ಸುಧಾರಿಸಿತು. ಎರಡು ಸಾವಿರದೊಳಗೆ ಬಂದೆ, ಆಮೇಲೆ ಸಾವಿರದೊಳಗೆ. ಕೆಲವು ಸಲ ಚೆನ್ನಾಗಿ ಆಡಿಯೂ ಬೇಗ ಹೊರಬಿದ್ದೆ. ಅಂಥ ದಿನ ಅಕ್ಕ, ಎಲೆ ನಿನ್ನ ಕೈಯಾಗಿಲ್ಲ, ಒಗ್ಯೋದು ನಿನ್ನ ಕೈಯಾಗೈತಿ ಅನ್ನುತ್ತಿದ್ದಳು. ಒಮ್ಮೆ ನೂರಾ ಮೂವತ್ತರ ತನಕ ಹೋಗಿ ಬಿದ್ದೆ. ನೂರು ಮಾತ್ರ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಆ ಕಡೆಯ ಐತವಾರ ಬಂದೇ ಬಿಟ್ಟಿತು.

ಬೆಳಿಗ್ಗೆ ಅಪ್ಪ ಸ್ನಾನ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಬೇರೆ ಊರಿನಿಂದ ದೊಡ್ಡ ವ್ಯಾಪಾರಿ ಬರುವ ದಿನ ಹಾಕುವ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತರು. ನಾನು ಪಕ್ಕದಲ್ಲಿ, ಅಕ್ಕ ಗೋಡೆಗೆ ಒರಗಿ ಹಿಂದೆ. ಗೋಡೆಯಾಚೆ ಮನೆಯವರ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ನಮ್ಮ ಬನಹಟ್ಟಿಯಲ್ಲಿ ಮಗ್ಗದ ಸದ್ದಿಗೆ ಕೂಸು ಮಲಗುತ್ತದೆ, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಅಳುತ್ತದೆ. ಅವತ್ತು ನನ್ನ ಎದೆ ಆ ಮಗ್ಗಗಳಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯವರು ಇನ್ನೊಂದು ಹೊಸ ಮಗ್ಗ ಬಂತೇನೋ ಅಂದುಕೊಂಡಿರಬೇಕು.

ಆಟ ಶುರುವಾಯಿತು. ಮೊದಲ ಕೈ, ಒಂಬತ್ತು-ನಾಲ್ಕು. ಒಗೆಯುವ ಗುಂಡಿಯ ಮೇಲೆ ಬೆರಳು ಇಟ್ಟೆ.

"ಮೊದಲನೇದ ಬಿಡಾಕತ್ತೀದಿ?" ಅಂದರು ಅಪ್ಪ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಮಗ ಬಾಗಿಲಿಗೆ ಬಂದ ಗಿರಾಕಿಯನ್ನು ಕೈಹಿಡಿದು ಹೊರಗೆ ದಬ್ಬುವುದನ್ನು ಕಣ್ಣಾರೆ ನೋಡಿದ ಹಾಗೆ. ನಾನು ಅಕ್ಕನ ಕಡೆ ತಿರುಗಿದೆ. ಅವಳು ಛಾವಣಿ ನೋಡುತ್ತಿದ್ದಳು. ಆಡಿದರೆ ಅಪ್ಪನಿಗೆ ಸಮಾಧಾನ, ಒಂದಷ್ಟು ಚಿಪ್ಪು ಹೋದರೆ ಹೋಗುತ್ತವೆ. ಆದರೆ ಅವತ್ತು ಆಡಿದರೆ ಈ ತಿಂಗಳು ಕಲಿತದ್ದೆಲ್ಲ ಸುಳ್ಳು.

"ಅಪ್ಪಾ, ಇವ್ರು ಗಿರಾಕಿ ಅಲ್ಲರಿ," ಅಂದೆ. "ಇವ್ರು ಕೊಳ್ಳಾಕ ಬಂದಿಲ್ಲ. ಆರು ಸಾವಿರ ಮಂದಿ ನನ್ನ ಅಂಗಡಿ ಹೊತ್ಕೊಂಡು ಹೋಗಾಕ ಬಂದಾರ."

ಒಗೆದೆ. ಅಪ್ಪ ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡರು, ಇದೆಯೋ ಇಲ್ಲವೋ ಅಂತ.

ಮೊದಲ ತಾಸು ಆಟದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಗೆದೆ, ಒಗೆದೆ, ಒಮ್ಮೆ ಆಡಿ ಗೆದ್ದೆ, ಮತ್ತೆ ಒಗೆದೆ. ಆಮೇಲೆ ಎಕ್ಕಾ-ರಾಜಾ ಬಂತು, ಚಿಪ್ಪು ದುಪ್ಪಟ್ಟಾಯಿತು. ಅವ್ವ ಚಹಾ ತಂದಿಟ್ಟು ಯಾರು ಗೆದ್ರು ಅಂತ ಕೇಳಿದಳು. ಇನ್ನೂ ಎರಡು ಸಾವಿರ ಮಂದಿ ಉಳಿದಿದ್ದಾರೆ ಅಂದಾಗ, ಇಷ್ಟು ಮಂದಿಗೆ ಚಹಾ ಮಾಡುವವರು ಯಾರು ಅಂತ ಒಳಗೆ ಹೋದಳು. ಎರಡನೇ ತಾಸಿಗೆ ಅಪ್ಪ ಸ್ವಲ್ಪ ಮುಂದೆ ಬಾಗಿದರು. ನಾನು ಕಡೆಯ ಜಾಗದಲ್ಲಿ ಕೂತು ಧೈರ್ಯ ಮಾಡಿ, ಎದುರಿನವರು ಹೆದರಿ ಎಲೆ ಒಗೆದಾಗ, ಎಲ್ಲಾರೂ ಸುಮ್ಮನಿದ್ರು ಅಂತ ನೀ ದೂಡಿದಿ, ಹೌದಲ್ಲೋ ಅಂದರು. ಹೌದ್ರಿ ಅಂದೆ. ಅಷ್ಟೇ ಮಾತು. ನನಗೆ ಮೈ ತುಂಬ ರೆಕ್ಕೆ ಬಂದಂತಾಯಿತು.

ಐದು ನೂರು, ಮುನ್ನೂರು, ನೂರೈವತ್ತು. ನಡುವೆ ಒಂದು ಕೈಯಲ್ಲಿ ಅರ್ಧ ಚಿಪ್ಪು ಹೋದವು, ಇನ್ನೊಂದರಲ್ಲಿ ತಿರುಗಿ ಬಂದವು. ಮೂಲೆಯಲ್ಲಿ ಉಳಿದವರ ಸಂಖ್ಯೆ ನೂರಾ ನಾಲ್ಕು ಅಂತ ತೋರಿಸುವಾಗ ನನ್ನ ಹತ್ತಿರ ಬಹಳವೂ ಅಲ್ಲ, ಕಡಿಮೆಯೂ ಅಲ್ಲ, ಇನ್ನು ಕೆಲವು ಸುತ್ತು ಕಾಯುವಷ್ಟು ಚಿಪ್ಪಿದ್ದವು. ಇನ್ನು ನಾಲ್ಕು ಮಂದಿ ಬಿದ್ದರೆ ಫೋನು ನನ್ನದು. ಆಗ ಬಂತು ರಾಣಿ ಜೋಡಿ.

ರಾಣಿ ಜೋಡಿ ಅಂದರೆ ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡವು ಎಕ್ಕಾ ಜೋಡಿ, ರಾಜಾ ಜೋಡಿ ಎರಡೇ. ನನ್ನ ಸರದಿ ಬರುವ ಮೊದಲೇ ನನಗಿಂತ ಹೆಚ್ಚು ಚಿಪ್ಪಿದ್ದ ಒಬ್ಬ ಇದ್ದದ್ದೆಲ್ಲ ದೂಡಿದ. ಅವನ ಮುಂದಿನವನೂ ಎಲ್ಲ ದೂಡಿ ಎದುರು ನಿಂತ. ಈಗ ನನ್ನ ಸರದಿ. ಗಡಿಯಾರದ ಗೆರೆ ಸಣ್ಣದಾಗುತ್ತ ಬಂತು. ಹಳೆಯ ನಾನಾಗಿದ್ದರೆ ಇಷ್ಟೊತ್ತಿಗೆ ದೂಡಿ, ಎದ್ದು ನಿಂತು, ಚಾಪೆಯ ಮೇಲೆ ಒಂದು ಸುತ್ತು ಹಾಕಿರುತ್ತಿದ್ದೆ. ಈಗಲೂ ಕೈ ಹಾಗೇ ತುಡಿಯುತ್ತಿತ್ತು. ಅಪ್ಪ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ. ರಾಣಿ ಜೋಡಿ ಹಿಡಿದು ಒಂದೇ ಏಟಿಗೆ ಇಬ್ಬರನ್ನು ಹೊಡೆಯುವುದನ್ನು ತೋರಿಸಲು ಇದಕ್ಕಿಂತ ದೊಡ್ಡ ಸಭೆ ನನಗೆ ಎಲ್ಲಿ ಸಿಗಬೇಕು?

"ಯಾಕ?" ಅಂತ ಹಿಂದಿನಿಂದ ಅಕ್ಕನ ದನಿ, ಬಲು ಮೆಲ್ಲಗೆ.

ಬಾಯಿ ಬಿಟ್ಟು ಹೇಳಿದೆ. ಇಬ್ಬರು ದೂಡಿದ್ದಾರೆ, ಇಬ್ಬರಲ್ಲಿ ಒಬ್ಬನ ಹತ್ತಿರವಾದರೂ ದೊಡ್ಡದಿರಬಹುದು. ಇಬ್ಬರ ಹತ್ತಿರವೂ ನನ್ನನ್ನು ಮುಗಿಸುವಷ್ಟು ಚಿಪ್ಪಿದೆ. ನಾನು ಬಂದದ್ದು ಕಿರೀಟಕ್ಕಲ್ಲ, ನೂರಕ್ಕೆ. ನಾನು ಸುಮ್ಮನಿದ್ದರೆ ಅವರೇ ಬಡಿದಾಡಿ ಒಬ್ಬ ಕಡಿಮೆಯಾಗುತ್ತಾನೆ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಬೇರೆ ಯಾರದೋ ಅನಿಸಿತು. ಅದರಲ್ಲಿ ತೋರಸ್ತೇನಿ ಅನ್ನುವ ಮಾತು ಎಲ್ಲೂ ಇರಲಿಲ್ಲ.

ಒಗೆದೆ.

ನಡುವೆ ಮೊದಲ ಮೂರು ಎಲೆ ಬಿಚ್ಚಿದವು. ಅದರಲ್ಲೊಂದು ರಾಣಿ. ನಾನು ಆಡಿದ್ದರೆ ಮೂರು ರಾಣಿ ಆಗುತ್ತಿತ್ತು. ಒಬ್ಬನದು ರಾಜಾ ಜೋಡಿ, ಇನ್ನೊಬ್ಬನದು ಹತ್ತರ ಜೋಡಿ. ಕಡೆಯ ಎಲೆಯ ತನಕ ಇಬ್ಬರಿಗೂ ಏನೂ ಕೂಡಲಿಲ್ಲ. ಆ ರಾಶಿ ಪೂರ್ತಿ ನನ್ನದಾಗುವುದಿತ್ತು. ಹತ್ತರವನು ಹೊರಗೆ ಬಿದ್ದ. ಮುಂದಿನ ಕೈ ಹಂಚಿದರು, ಆರು-ಎರಡು. ಅದನ್ನೂ ಒಗೆದೆ.

ಅಪ್ಪ ಎರಡೂ ಕೈ ಮೊಣಕಾಲಿಗೆ ಊರಿ ಎದ್ದರು. ಒಳಗಿನ ಕಡೆ ಮುಖ ಮಾಡಿ, ತಾಟ ಹಾಕವಾ ಅಂದರು.

"ಅಪ್ಪಾ, ಇನ್ನ ನೂರು ಆಗಿಲ್ಲರಿ," ಅಂದೆ. "ಇನ್ನೂ ಮೂರು ಮಂದಿ ಬೀಳಬೇಕು."

"ಆಗಲಿ, ಬಿಡಲಿ. ನಾ ನೋಡೂದು ನೋಡಿದೆ."

"ನೂರಂತ ನೀವ ಹೇಳಿದ್ರಿ."

"ಅದು ನೀ ಹೇಳಿದ್ದು, ನೂರು ಅಂತ. ನಾ ಹೂಂ ಅಂದೆ." ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದರು. "ಹುನ್ನೂರಾಂವಗ ಕೈಯಾಗಿಂದು ಒಗ್ಯಾಕ ಬರಲಿಲ್ಲಪಾ. ಆಟ ಬರತಿತ್ತು ಅವಗ, ನಿನಗಿಂತ ಛಲೋ ಬರತಿತ್ತು. ಒಗ್ಯಾಕ ಬರಲಿಲ್ಲ, ಅಷ್ಟ. ಫೋನು ನಿಂದ. ಬಾ, ರೊಟ್ಟಿ ಆರತಾವ."

ಅಷ್ಟು ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಅಕ್ಕನ ಕಡೆ ತಿರುಗಿದೆ. ಅವಳು ಕಣ್ಣು ಒರೆಸಿಕೊಂಡು, ಮಗ್ಗದ ಧೂಳು ಅಂದಳು. ಗೋಡೆಯಾಚೆಯ ಧೂಳು ಗೋಡೆ ದಾಟಿ ಬಂದಿತ್ತಂತೆ.

ನಾನು ಫೋನನ್ನು ಚಾಪೆಯ ಮೇಲೆ ಮುಖ ಮೇಲೆ ಮಾಡಿ ಇಟ್ಟೆ. ನೂರಾ ಮೂರು ಮಂದಿ ಇದ್ದರು. ಎದ್ದು ಒಳಗೆ ಹೋದೆ. ಇದನ್ನು ನಾನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಒಂದು ಸಂಗತಿಯಲ್ಲಿ ನಾನು ಒಂದು ಎಳೆಯೂ ಹೆಚ್ಚು ಸೇರಿಸಿಲ್ಲ. ಎಕ್ಕಾ ಬರಲಿ, ರಾಜಾ ಬರಲಿ, ನೋಡುವವನೇ ಇಲ್ಲದೆ ಇಟ್ಟು ಹೋದೆ, ಮತ್ತು ನನ್ನ ಕಾಲು ಹಗುರವಾಗಿದ್ದವು.

ಊಟಕ್ಕೆ ಜೋಳದ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅಪ್ಪ ಎದುರಿಗೆ, ಅಕ್ಕ ಪಕ್ಕಕ್ಕೆ, ಅವ್ವ ಬಡಿಸುತ್ತ. ಪಡಸಾಲೆಯಲ್ಲಿ ಫೋನು, ನಿನ್ನ ಸರದಿ ಬಂತು ಅಂತ ಟಿಣ್ ಅಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. ಯಾರೂ ಏಳಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅವ್ವ ರೊಟ್ಟಿ ಸಾಲದೆ ಮತ್ತೆ ಹಿಟ್ಟು ಕಲಸಿದಳು, ಬೇಕಿದ್ದರೆ ಕೇಳಿ. ಆ ಊಟಕ್ಕೆ, ಆ ಮನೆಗೆ, ತಿಂಗಳಿಡೀ ಯಾಕ ಅಂತ ಕೇಳಿದ ಆ ಒಬ್ಬಳಿಗೆ, ಗಿರಾಕಿಯನ್ನು ಹೊರಗೆ ಕಳಿಸಿದ್ದನ್ನು ಸಹಿಸಿಕೊಂಡು ಮೂರು ತಾಸು ಪಕ್ಕದಲ್ಲಿ ಕೂತ ಆ ಮನುಷ್ಯನಿಗೆ ನಾನು ಏನು ಕೊಟ್ಟರೂ ಕಡಿಮೆ. ಅವತ್ತು ಕೊಡಲು ನನ್ನ ಹತ್ತಿರ ಬರೀ ಬಾಯಿ ಇತ್ತು, ಅದರಲ್ಲೂ ರೊಟ್ಟಿ ಇತ್ತು.

ಅಪ್ಪ ಹಿಂಡಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಆ ಒಂದು ಕೈ ಇತ್ತಲ್ಲ, ನೀ ಕಡೀ ಜಾಗದಾಗ ಕುಂತು ದೂಡಿದ್ದು," ಅಂದರು. "ಅವರು ಯಾಕ ಹೆದರಿದ್ರು? ಮೊದಲಿಂದ ಹೇಳು."

ಅಪ್ಪ ನನ್ನನ್ನು ಹೇಳು ಅಂತ ಕೇಳಿದ್ದರು. ನಾನು ತುತ್ತು ನುಂಗಿ, ನೀರು ಕುಡಿದು, ಮೊದಲಿನಿಂದ ಶುರು ಮಾಡಿದೆ.